ಕ್ಯಾಮೆರಾದಲ್ಲಿ ಬೆಳಗಿದ ಗಣಪ ಕಂಪ್ಯೂಟರಿನಲ್ಲಿ ಕಪ್ಪಾಗುವುದೇಕೆ?

ತುಮಕೂರಿನಿಂದ ಕುಣಿಗಲ್ ರಸ್ತೆ ಹಿಡಿದರೆ ಸಿಗುವ ಗೂಳೂರು ಹೆಸರಾಗಿರುವುದು ತನ್ನ ಮಣ್ಣಿನ ಮಹಾಗಣಪತಿಯಿಂದ. ಊರ ಕೆರೆಯ ಮಣ್ಣಿನಿಂದ ಚೌತಿಯಂದು ಆರಂಭವಾಗುವ ಮೂರ್ತಿಗೆ ಪೂಜೆ ಶುರುವಾಗುವುದು ದೀಪಾವಳಿಯ ಬಲಿಪಾಡ್ಯಮಿಗೆ. ಕಾರ್ತಿಕದುದ್ದಕ್ಕೂ ಪೂಜೆಗೊಂಡ ಗಣಪ ಕೊನೆಗೆ ಬಾಣಬಿರುಸುಗಳ ನಡುವೆ ಮೆರವಣಿಗೆ ಹೊರಟು ಅದೇ ಕೆರೆಯ ಮಣ್ಣಾಗುತ್ತಾನೆ. ಮುಂದಿನ ವರ್ಷದ ಮೂರ್ತಿಯೇ ಬೇರೆ. ಈ ವರ್ಷದ್ದು ಉಳಿಯುವುದು ಛಾಯಾಚಿತ್ರದಲ್ಲಿ ಮಾತ್ರ.

ಇಂಥ ಉತ್ಸವದ ರಾತ್ರಿ 'ರಾ' ಕಡತದಲ್ಲಿ ಚಿತ್ರ ತೆಗೆದ ಹವ್ಯಾಸಿಗಳಿಗೆ ಒಂದು ಅನುಭವ ಸಾಮಾನ್ಯ. ಕ್ಯಾಮೆರಾದ ಬೆನ್ನಿನ ತೆರೆಯಲ್ಲಿ ಗಣಪ ಝಗಝಗಿಸುತ್ತಿರುತ್ತಾನೆ. ಮನೆಗೆ ಬಂದು ಕಂಪ್ಯೂಟರಿನಲ್ಲಿ ತೆರೆದರೆ ಅರೆಕ್ಷಣ ಹಾಗೆಯೇ ಕಂಡು, ಯಾರೋ ದೀಪ ತಗ್ಗಿಸಿದಂತೆ ಮಂಕಾಗುತ್ತಾನೆ. ಕ್ಯಾಮೆರಾ ಕೆಟ್ಟಿತೆಂದು ಬಗೆದು ಚಿತ್ರವನ್ನೇ ಅಳಿಸಿಬಿಡುವವರೂ ಉಂಟು.

ಕೆಟ್ಟದ್ದು ಏನೂ ಇಲ್ಲ. 'ರಾ' ಎಂದರೆ ಹಸಿ, ಬೇಯಿಸದ ಅಡಿಗೆ. ತೆರೆಯಲ್ಲಿ ಕಂಡದ್ದು ಈ ಹಸಿ ಕಡತವಲ್ಲ, ಅದರಿಂದ ಕ್ಯಾಮೆರಾ ತಾನೇ ಅಟ್ಟು ಬಡಿಸಿದ ಜೆಪೆಗ್ ಚಿತ್ರ. ಅದರದೊಂದು ಪ್ರತಿ ಕಡತದೊಳಗೇ ಅಡಗಿರುತ್ತದೆ. ಕಂಪ್ಯೂಟರಿನಲ್ಲಿ ಮೊದಲ ಅರೆಕ್ಷಣ ಕಾಣುವುದೂ ಅದೇ. ಬಳಿಕ ತಂತ್ರಾಂಶ ಹಸಿ ಅಂಕಿಗಳಿಂದ ತನ್ನ ಲೆಕ್ಕದಂತೆ ಚಿತ್ರ ಕಟ್ಟುತ್ತದೆ.

ಕ್ಯಾಮೆರಾದ ಸಂವೇದಕ ಬೆಳಕನ್ನು ಎಣಿಸುತ್ತದೆ, ಅಷ್ಟೆ. ಬೆಳಕು ಎರಡರಷ್ಟಾದರೆ ಅಂಕಿಯೂ ಎರಡರಷ್ಟು. ನಮ್ಮ ಕಣ್ಣಿನ ರೀತಿ ಬೇರೆ. ಬಿದ್ದ ಬೆಳಕಿನಲ್ಲಿ ಶೇ 18ರಷ್ಟನ್ನು ಮರಳಿಸುವ ಬೂದು ಬಣ್ಣ ನಮಗೆ ಕಪ್ಪು-ಬಿಳುಪಿನ ನಟ್ಟನಡುವಿನದಾಗಿ ತೋರುತ್ತದೆ. ಆದ್ದರಿಂದ ಅಂಕಿಗಳನ್ನು ಒಂದು ವಕ್ರರೇಖೆಗೆ ಅಳವಡಿಸಿ ನಡುಛಾಯೆಗಳನ್ನು ಮೇಲೆತ್ತಲೇಬೇಕು. ಎಷ್ಟು ಎತ್ತಬೇಕೆಂಬುದರಲ್ಲಿ ಕ್ಯಾಮೆರಾ ಕಂಪೆನಿಗೂ ತಂತ್ರಾಂಶದವರಿಗೂ ಒಮ್ಮತವಿಲ್ಲ.

ಇನ್ನೊಂದು ಗುಟ್ಟೂ ಇದೆ. 2007ರಿಂದ ನಿಕಾನ್ ಕ್ಯಾಮೆರಾಗಳಲ್ಲಿ ಬಂದ 'ಆಕ್ಟಿವ್ ಡಿ-ಲೈಟಿಂಗ್', ಅದೇ ವರ್ಷ ಕ್ಯಾನನ್ ತಂದ 'ಹೈಲೈಟ್ ಟೋನ್ ಪ್ರಯಾರಿಟಿ' ಇವು ದೀಪ, ಪಟಾಕಿಗಳ ಬೆಳಕು ಬಿಳಿಚಿಕೊಳ್ಳದಿರಲೆಂದು ಚಿತ್ರವನ್ನು ತುಸು ಕಪ್ಪಾಗಿಯೇ ದಾಖಲಿಸಿ, ಆಮೇಲೆ ಜೆಪೆಗ್‌ನಲ್ಲಿ ನೆರಳನ್ನು ಬೆಳಗಿಸುತ್ತವೆ. ಬೆಳಗಿಸುವ ಸೂಚನೆಯನ್ನು ಬೇರೆಯವರ ತಂತ್ರಾಂಶ ಓದದಿದ್ದರೆ ಉಳಿಯುವುದು ಕಪ್ಪು ಮಾತ್ರ. ಜತೆಗೆ ಕತ್ತಲಿಗೆ ಹೊಂದಿಕೊಂಡ ಕಣ್ಣಿಗೆ ಅಂಗೈಯಗಲದ ತೆರೆ ಇಮ್ಮಡಿ ಹೊಳೆಯುವುದೂ ಸಹಜ.

ಬೆಳಕಿಗೂ ಚಿತ್ರಕ್ಕೂ ನಡುವಿನ ಈ ವಕ್ರರೇಖೆ ಕಂಪ್ಯೂಟರ್ ಯುಗದ ಆವಿಷ್ಕಾರವೇನಲ್ಲ. ಇಂಗ್ಲೆಂಡಿನ ಹರ್ಟರ್ ಮತ್ತು ಡ್ರಿಫೀಲ್ಡ್ ಛಾಯಾಫಲಕದ ಮೇಲೆ ಬಿದ್ದ ಬೆಳಕಿಗೂ ಅದು ಕಪ್ಪಾಗುವುದಕ್ಕೂ ಇರುವ ಸಂಬಂಧವನ್ನು ಇಂಥದೇ ರೇಖೆಯಲ್ಲಿ ಬರೆದು ತೋರಿಸಿದ್ದು 1890ರಲ್ಲಿ. ಅದಕ್ಕೆ ಎರಡು ವರ್ಷ ಮೊದಲು, 1888ರಲ್ಲಿ, ಈಸ್ಟ್‌ಮನ್ ನೂರು ಚಿತ್ರಗಳ ಸುರುಳಿ ತುಂಬಿದ ಕೊಡಕ್ ಪೆಟ್ಟಿಗೆಯನ್ನು ಮಾರಿದ್ದ. ಗುಂಡಿ ಒತ್ತುವುದಷ್ಟೇ ಗಿರಾಕಿಯ ಕೆಲಸ. ತೊಳೆದು ಅಚ್ಚು ಹಾಕುವುದು ಕಂಪೆನಿಯದು.

ನಮ್ಮ ಊರುಗಳ ಸ್ಟುಡಿಯೋಗಳಲ್ಲೂ ನೆಗೆಟಿವ್ ಒಂದು, ಪ್ರಿಂಟ್ ಇನ್ನೊಂದು. ಮೈಸೂರಿನ ಟಿ.ಎಸ್. ಸತ್ಯನ್ (1923–2009) ಅವರ ತಲೆಮಾರಿನ ಕಪ್ಪು-ಬಿಳುಪು ಚಿತ್ರಗಳೆಲ್ಲ ಹೀಗೆ ಎರಡು ಬಾರಿ ಹುಟ್ಟಿದವು. ಕತ್ತಲೆ ಕೋಣೆಯವನು ಮುಖದ ಮೇಲೆ ಕೈ ಅಡ್ಡ ಹಿಡಿದು ಅಲ್ಲಿಗೆ ಬೆಳಕು ಕಡಿಮೆ ಬೀಳಿಸಿದರೆ ಕಾಗದದಲ್ಲಿ ಆ ಮುಖ ತಿಳಿಯಾಗುತ್ತಿತ್ತು. ಗಿರಾಕಿ ದೂರುತ್ತಿರಲಿಲ್ಲ, ಹೋಲಿಸಿ ನೋಡಲು ಕ್ಯಾಮೆರಾದ ಬೆನ್ನಿಗೆ ತೆರೆಯೇ ಇರಲಿಲ್ಲವಲ್ಲ!

ಇಂದಿನ ನೆಗೆಟಿವ್ 'ರಾ' ಕಡತವೇ. ಜೆಪೆಗ್‌ನಲ್ಲಿ ಪ್ರತಿ ಮೂಲವರ್ಣಕ್ಕೆ 256 ಮೆಟ್ಟಿಲುಗಳಾದರೆ, 14 ಬಿಟ್‌ನ ಹಸಿ ಕಡತದಲ್ಲಿ 16,384. ಮಂಕಾಗಿ ಕಂಡ ಗಣಪನನ್ನು ತಂತ್ರಾಂಶದಲ್ಲಿ ಒಂದು ಸ್ಟಾಪ್ ಮೇಲೆತ್ತಿದರೆ ಸೊಂಡಿಲ ತಿರುವು, ಕಣ್ಣಿನ ಬಣ್ಣ ಎದ್ದು ಬರುತ್ತವೆ. ನೆರಳಿನಲ್ಲಿ ತುಸು ಕಾಳುಕಾಳು ಕಂಡೀತು. ಕ್ಯಾಮೆರಾ ಕಂಪೆನಿಯದೇ ತಂತ್ರಾಂಶ ಬಳಸಿದರೆ ತೆರೆಯ ಮೇಲಿದ್ದ ಕಳೆ ಬಹುಮಟ್ಟಿಗೆ ಹಾಗೆಯೇ ಸಿಗುತ್ತದೆ. ಬಾಣಬಿರುಸಿನಲ್ಲಿ ಪೂರ್ತಿ ಬಿಳಿಯಾಗಿಹೋದ ಭಾಗವನ್ನು ಮಾತ್ರ ಮರಳಿ ತರಲಾಗದು.