ವರವು ಕಾವಲ್: ತೋಪಿನ ಎತ್ತಿನಿಂದ ತಾನೇ ಇಳಿಯುವ ಯಂತ್ರದವರೆಗೆ

ಚಳ್ಳಕೆರೆ ತಾಲ್ಲೂಕಿನ ವರವು ಕಾವಲ್, ಮೈಸೂರು ಸಂಸ್ಥಾನವು ಅಮೃತ ಮಹಲ್ ತಳಿಯ ದನಗಳಿಗಾಗಿ ಉಳಿಸಿಕೊಂಡಿದ್ದ ಹುಲ್ಲುಗಾವಲುಗಳಲ್ಲಿ ಒಂದು. ಉಳುಮೆಗೆ ಬಿಡದೆ ಮೇವಿಗೆಂದೇ ಕಾಯ್ದಿರಿಸಿದ ಇಂಥ ನೆಲವನ್ನು ಬೇಸಿಗೆಯ, ಮಳೆಗಾಲದ ಮತ್ತು ಚಳಿಗಾಲದ ಕಾವಲುಗಳೆಂದು ವಿಂಗಡಿಸಿ, ಮೇವು ನೀರು ನೋಡಿಕೊಂಡು ಮಂದೆಗಳನ್ನು ಒಂದರಿಂದ ಇನ್ನೊಂದಕ್ಕೆ ಹೊಡೆದೊಯ್ಯುತ್ತಿದ್ದರು. ಹೈದರ್ ಮತ್ತು ಟಿಪ್ಪುವಿನ ದಂಡುಗಳಲ್ಲಿ ತೋಪು ಎಳೆದ ಈ ಎತ್ತುಗಳು 1799ರ ನಂತರ ಬ್ರಿಟಿಷರ ಪಾಲಾದವು. ಖರ್ಚು ಉಳಿಸಲೆಂದು 1860ರಲ್ಲಿ ಮಂದೆಗಳನ್ನು ಮಾರಿದ ಸರ್ಕಾರ, ಸೈನ್ಯಕ್ಕೆ ತಕ್ಕ ಎತ್ತುಗಳು ಸಿಗದೆ 1866ರಲ್ಲಿ ಅವನ್ನು ಮತ್ತೆ ಕಟ್ಟಬೇಕಾಯಿತು. ಅಗ್ಗವೆಂದು ಕಂಡದ್ದು ದುಬಾರಿಯಾದ ಈ ಪ್ರಸಂಗ ಕಾವಲುಗಳ ಇತಿಹಾಸದಲ್ಲಿ ಗಮನಿಸಲೇಬೇಕಾದದ್ದು.

ವರವು ಕಾವಲಿನ 4,000ಕ್ಕೂ ಹೆಚ್ಚು ಎಕರೆ ರಕ್ಷಣಾ ಸಂಶೋಧನಾ ಸಂಸ್ಥೆಯಾದ ಡಿಆರ್‌ಡಿಒಗೆ ಹೋಗಿ, ಅಲ್ಲಿನ ವೈಮಾನಿಕ ಪರೀಕ್ಷಾ ವಲಯವು 2017ರ ಮೇ ತಿಂಗಳಲ್ಲಿ ಉದ್ಘಾಟನೆಯಾಯಿತು. ಅಲ್ಲಿ ಪರೀಕ್ಷಿಸುವಂಥ ಚಾಲಕರಿಲ್ಲದ ವಿಮಾನದಲ್ಲಿ ಗಣಕದ ಆಜ್ಞೆಯನ್ನು ರೆಕ್ಕೆ ಬಾಲಗಳ ಚಲನೆಯಾಗಿ ಮಾರ್ಪಡಿಸುವ ಅಂಗಕ್ಕೆ ಆಕ್ಚುಯೇಟರ್ ಎನ್ನುತ್ತಾರೆ. ಹವ್ಯಾಸಿಗಳ ರೋಬಾಟುಗಳಲ್ಲಿ ಇದೇ ಕೆಲಸವನ್ನು ಅನೇಕ ವೇಳೆ ಸ್ಟೆಪ್ಪರ್ ಮೋಟರು ಮಾಡುತ್ತದೆ. ಅದು ಸಾಮಾನ್ಯವಾಗಿ ಒಂದು ಸುತ್ತನ್ನು 200 ಹೆಜ್ಜೆಗಳಾಗಿ ಒಡೆದು, ಹೆಜ್ಜೆಗೆ 1.8 ಡಿಗ್ರಿಯಂತೆ ತಿರುಗುತ್ತದೆ. ಮೋಟರಿನ ಸುರುಳಿಗಳಿಗೆ ಸರದಿಯಂತೆ ಕರೆಂಟು ಹಂಚುವ ಮಂಡಲವೇ ಡ್ರೈವರ್. ಎ4988 ಎಂಬ ಅಗ್ಗದ ಡ್ರೈವರು ಪ್ರತಿ ಹೆಜ್ಜೆಯನ್ನು 16 ಪಾಲು ಮಾಡಿದರೆ, ಡಿಆರ್‌ವಿ8825 ಎಂಬುದು 32 ಪಾಲು ಮಾಡುತ್ತದೆ. ಆದರೆ ಆಯ್ಕೆಯಲ್ಲಿ ಈ ಸಂಖ್ಯೆಗಿಂತಲೂ ಮುಖ್ಯವಾದುದು, ಡ್ರೈವರು ಅತಿಯಾಗಿ ಬಿಸಿಯಾಗದೆ ಎಷ್ಟು ಕರೆಂಟು ಕೊಡಬಲ್ಲದು ಎಂಬುದು. ಭಾರ ಮೀರಿದಾಗ ಮೋಟರು ಹೆಜ್ಜೆ ತಪ್ಪುತ್ತದೆ, ಸ್ಥಾನ ಅಳೆಯುವ ಸಂವೇದಕವಿಲ್ಲದಿದ್ದರೆ ಆ ತಪ್ಪು ಯಂತ್ರಕ್ಕೆ ತಿಳಿಯುವುದೇ ಇಲ್ಲ. ಸಂವೇದಕವನ್ನು ಬಿಟ್ಟು ಮೇಜಿನ ಮೇಲಿನ ಆಟಿಕೆಯಲ್ಲಿ ಮಾಡುವ ಈ ಉಳಿತಾಯ ಆಕಾಶದಲ್ಲಿ ನಡೆಯದು.

ಇಸ್ರೊ 2023ರ ಏಪ್ರಿಲ್ 2ರಂದು ರೆಕ್ಕೆಯುಳ್ಳ ಮರುಬಳಕೆಯ ವಾಹನವನ್ನು ವಾಯುಪಡೆಯ ಚಿನೂಕ್ ಹೆಲಿಕಾಪ್ಟರಿನಿಂದ ಸುಮಾರು 4.5 ಕಿಲೋಮೀಟರ್ ಎತ್ತರದಲ್ಲಿ ಬಿಟ್ಟಾಗ, ಅದು ತಾನೇ ದಾರಿ ಹಿಡಿದು ವರವು ಕಾವಲಿನ ರನ್‌ವೇಗೆ ಇಳಿಯಿತು. 2024ರ ಮಾರ್ಚ್ 22 ಮತ್ತು ಜೂನ್ 23ರ ಪ್ರಯೋಗಗಳಲ್ಲಿ ವಾಹನವನ್ನು ಬೇಕೆಂದೇ ರನ್‌ವೇಯ ನೇರದಿಂದ ಬದಿಗೆ ಬಿಡಲಾಯಿತು. ಮೂರನೆಯ ಸಲವಂತೂ 500 ಮೀಟರ್ ಪಕ್ಕಕ್ಕೆ. ಅದು ಓರೆಯನ್ನು ತಿದ್ದಿಕೊಂಡು, ಗಂಟೆಗೆ 320 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ನೆಲ ಮುಟ್ಟಿ, ಬ್ರೇಕ್ ಪ್ಯಾರಾಚೂಟಿನ ನೆರವಿನಿಂದ ವೇಗ ತಗ್ಗಿಸಿಕೊಂಡಿತು. ಎರಡನೆಯ ಸಲ ಇಳಿದ ಒಡಲನ್ನೇ ಮೂರನೆಯದರಲ್ಲೂ ಹಾರಿಸಿದ್ದು ನಿಜವಾದ ಮಿತವ್ಯಯ, ಮೆಚ್ಚಬೇಕಾದದ್ದು.

ಆದರೆ ಲೆಕ್ಕದ ಇನ್ನೊಂದು ಪುಟವೂ ಇದೆ. ಈ ಕಾವಲುಗಳು ಕೃಷ್ಣಮೃಗ, ಎರೆಭೂತ ಹಕ್ಕಿಗಳ ನೆಲೆಯಾಗಿದ್ದವು. ಸುತ್ತಲಿನ ಹಳ್ಳಿಗಳ ಕುರಿಗಾಹಿಗಳಿಗೂ ಅವರ ಉಣ್ಣೆಯನ್ನು ನಂಬಿದ ಚಳ್ಳಕೆರೆಯ ಕಂಬಳಿ ನೇಕಾರರಿಗೂ ಆಧಾರವಾಗಿದ್ದವು. ಗೋಡೆ ಎದ್ದು ಮೇವಿನ ದಾರಿಗಳು ಮುಚ್ಚಿದಾಗ ಊರವರು ಪ್ರತಿಭಟಿಸಿದರು, ವಿವಾದ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. 1860ರಲ್ಲಿ ಮಾರಿದ್ದು ಮಂದೆಯನ್ನು ಮಾತ್ರ. ಕಾವಲುಗಳು ಉಳಿದಿದ್ದರಿಂದ ಆರು ವರ್ಷಗಳಲ್ಲಿ ಅದನ್ನು ಮತ್ತೆ ಕಟ್ಟಲು ಸಾಧ್ಯವಾಗಿತ್ತು.