ವಿಶ್ವೇಶ್ವರಯ್ಯನವರ ಎರಡು ನಿರ್ಗಮನಗಳು

1908ರಲ್ಲಿ ಬೊಂಬಾಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯ ಕೆಲಸ ಬಿಟ್ಟಾಗ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರಿಗೆ ಇನ್ನೂ ಐವತ್ತಾಗಿರಲಿಲ್ಲ. 1884ರಲ್ಲಿ ಸೇರಿದ್ದ ಇಲಾಖೆ ಅದು. ಪುಣೆ ಬಳಿಯ ಖಡಕ್‌ವಾಸ್ಲಾ ಅಣೆಕಟ್ಟೆಗೆ ತಾವೇ ರೂಪಿಸಿದ ಸ್ವಯಂಚಾಲಿತ ಬಾಗಿಲುಗಳನ್ನು ಕೂರಿಸಿದ್ದೂ ಅಲ್ಲಿದ್ದಾಗಲೇ. ಆದರೆ ಮುಖ್ಯ ಎಂಜಿನಿಯರ್ ಹುದ್ದೆ ಬ್ರಿಟಿಷರ ಪಾಲಿನದಾಗಿತ್ತು. ಕಾಯುತ್ತ ಕೂರದೆ ಅವರು ತಾವಾಗಿಯೇ ನಿವೃತ್ತಿ ಪಡೆದರು.

ಬಿಡುವು ಹೆಚ್ಚು ದಿನ ಉಳಿಯಲಿಲ್ಲ. ಅದೇ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದನ್ನು ಮುಳುಗಿಸಿತು. ನಿಜಾಮರ ಸರ್ಕಾರ ಅವರನ್ನು ಕರೆಸಿಕೊಂಡಿತು. ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳ ಮೂಲ ಆಗ ಅವರು ಕೊಟ್ಟ ಯೋಜನೆ. 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆದರು, 1912ರಲ್ಲಿ ದಿವಾನರು.

1918ರಲ್ಲಿ ಆ ಹುದ್ದೆಯನ್ನೂ ಬಿಟ್ಟರು. ಸರ್ಕಾರಿ ಕೆಲಸಗಳಲ್ಲಿ ಬ್ರಾಹ್ಮಣೇತರರಿಗೆ ಪಾಲು ಸಿಗಬೇಕೆಂಬ ನಾಲ್ವಡಿ ಕೃಷ್ಣರಾಜ ಒಡೆಯರ ನಿಲುವನ್ನು ಅವರು ಒಪ್ಪಲಿಲ್ಲ. ಅರ್ಹತೆಯೊಂದೇ ಅಳತೆಯಾಗಲಿ ಎಂದರು. ಬೊಂಬಾಯಿಯಲ್ಲಿ ಹುಟ್ಟಿನ ಬೇಲಿ ಅವರಿಗೇ ಅಡ್ಡ ಬಂದಿತ್ತು. ಮೈಸೂರಿನಲ್ಲಿ ಅಂಥದೇ ಬೇಲಿ ಬೇರೆಯವರಿಗೆ ಅಡ್ಡವಿದ್ದುದು ಅವರಿಗೆ ಅಷ್ಟಾಗಿ ಕಾಣಲಿಲ್ಲ.

ಬಿಡುವ ಹೊತ್ತನ್ನು ಎರಡು ಸಲವೂ ಅವರೇ ಆರಿಸಿಕೊಂಡರು. ಕೆಲಸ ಮಾತ್ರ ನಿಲ್ಲಲಿಲ್ಲ: 1934ರಲ್ಲಿ ಭಾರತಕ್ಕೆ ಯೋಜಿತ ಅರ್ಥವ್ಯವಸ್ಥೆ ಬೇಕೆಂದು ಪುಸ್ತಕ ಬರೆದಾಗ ವಯಸ್ಸು ಎಪ್ಪತ್ತು ದಾಟಿತ್ತು.