ಹೊದಿಕೆ ಮೊದಲು, ಅಂಟು ಆಮೇಲೆ: ಸಣ್ಣ ಬಾಲ್ಸಾ ಗ್ಲೈಡರ್ ಕುರಿತು ಒಂದು ಟಿಪ್ಪಣಿ

ಬಾಲ್ಸಾ ಗ್ಲೈಡರ್ ಕಟ್ಟಲು ಕೂತವರು ಸಾಮಾನ್ಯವಾಗಿ ಅಂಟಿನ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತಾರೆ. ಹೊದಿಕೆಯ ಯೋಚನೆ ಚೌಕಟ್ಟು ಸಿದ್ಧವಾದ ಮೇಲೆ. ಈ ಕ್ರಮ ತಿರುಗಬೇಕು ಎಂಬುದು ಈ ಟಿಪ್ಪಣಿಯ ವಾದ. ಯಾವ ಅಂಟು ಹೆಚ್ಚು ಗಟ್ಟಿ ಎಂಬ ಚರ್ಚೆಯಿಂದ ಇಲ್ಲಿ ದೊಡ್ಡ ಲಾಭವಿಲ್ಲ. ಹಗುರವಾದ ಬಾಲ್ಸಾದ ಒಳ್ಳೆಯ ಜೋಡಣೆಯೊಂದನ್ನು ಮುರಿದು ನೋಡಿ, ಅಂಟಿನ ಗೆರೆ ಹಾಗೇ ಉಳಿದು ಪಕ್ಕದ ಮರ ಸೀಳಿರುತ್ತದೆ. ಮಾಮೂಲಿ ಬಿಳಿ ಅಂಟಿನಲ್ಲೂ ಹೀಗೇ. ಹಾಗಿರುವಾಗ ಅಂಟಿಗೆ ಕೇಳಬೇಕಾದ ಪ್ರಶ್ನೆಗಳು ಬೇರೆ: ಎಷ್ಟು ತೂಕ ಕೂಡಿಸುತ್ತದೆ, ಮರಳು ಕಾಗದಕ್ಕೆ ಬಗ್ಗುತ್ತದೆಯೇ, ಹೊದಿಸುವಾಗ ತಾಗುವ ನೀರು, ದ್ರಾವಕ, ಶಾಖಗಳಲ್ಲಿ ಯಾವುದನ್ನು ತಾಳಿಕೊಳ್ಳುತ್ತದೆ.

ಲೆಕ್ಕಕ್ಕೆ ಒಂದು ಮಾದರಿ ಇಟ್ಟುಕೊಳ್ಳೋಣ. ರೆಕ್ಕೆಯ ಉದ್ದ 75 ಸೆಂ.ಮೀ., ಅಗಲ 10 ಸೆಂ.ಮೀ.; ಬಾಲದ ರೆಕ್ಕೆ 25 ಸೆಂ.ಮೀ.ಗೆ 7 ಸೆಂ.ಮೀ. ಎರಡೂ ಬದಿ ಹೊದಿಸಿದರೆ ಸುಮಾರು 0.185 ಚದರ ಮೀಟರ್. ಒಳ್ಳೆಯ ಜಪಾನೀ ಟಿಶ್ಯೂ ಚದರ ಮೀಟರಿಗೆ ಸುಮಾರು 12 ಗ್ರಾಂ ತೂಗುತ್ತದೆ, ಅಂದರೆ ಇಲ್ಲಿ ಎರಡು ಗ್ರಾಂಗಿಂತ ತುಸು ಹೆಚ್ಚು. ಕಾಗದವನ್ನು ಬಿಗಿಗೊಳಿಸುವ ವಾರ್ನಿಷ್‌ನಂಥ ಡೋಪನ್ನು ತೆಳುವಾಗಿ ಬಳಿದ ಮೇಲೆ ನಾಲ್ಕೂವರೆ ಗ್ರಾಂ ಎಂದಿಟ್ಟುಕೊಳ್ಳಬಹುದು. ಇಸ್ತ್ರಿಯಿಂದ ಅಂಟಿಸುವ ಮಾಮೂಲಿ ಪ್ಲಾಸ್ಟಿಕ್ ಫಿಲ್ಮ್ ಚದರ ಮೀಟರಿಗೆ 60 ಗ್ರಾಂ ಇದ್ದರೆ ಅದೇ ಹೊದಿಕೆ 11 ಗ್ರಾಂ ಆಗುತ್ತದೆ. ಆರೂವರೆ ಗ್ರಾಂ ವ್ಯತ್ಯಾಸ ಅಷ್ಟಕ್ಕೇ ನಿಲ್ಲುವುದೂ ಇಲ್ಲ. ಬಾಲದಲ್ಲಿ ಸೇರಿದ ಸುಮಾರು 1.25 ಗ್ರಾಂ ಗುರುತ್ವಕೇಂದ್ರದಿಂದ 36 ಸೆಂ.ಮೀ. ಹಿಂದಿದೆ, ಮೂತಿ ಇರುವುದು ಕೇವಲ 12 ಸೆಂ.ಮೀ. ಮುಂದೆ. ಸಮತೋಲಕ್ಕೆ ಮೂತಿಗೆ ಮೂರು ಪಟ್ಟು ಸೀಸ ಬೇಕು. ಟಿಶ್ಯೂ ಹೊದ್ದು 45 ಗ್ರಾಂ ಇದ್ದ ಗ್ಲೈಡರ್ ಹೀಗೆ ಸುಮಾರು 55 ಗ್ರಾಂಗೆ ಏರುತ್ತದೆ. ಇಳಿಯುವ ವೇಗ ರೆಕ್ಕೆಯ ಮೇಲಿನ ಹೊರೆಯ ವರ್ಗಮೂಲದಂತೆ ಬೆಳೆಯುವುದರಿಂದ, ಉಳಿದೆಲ್ಲ ಹಾಗೇ ಇದ್ದರೆ ಗ್ಲೈಡರ್ ಶೇ. 10ರಷ್ಟು ಬೇಗ ನೆಲ ಮುಟ್ಟುತ್ತದೆ. ಕನಿಷ್ಠ ತೂಕ 220 ಗ್ರಾಂ ಎಂದು ನಿಯಮವೇ ಇರುವ ಎಫ್‌1ಎಚ್ ಸ್ಪರ್ಧಾ ವರ್ಗದಲ್ಲೂ ಬಾಲವನ್ನು ಹಗುರಗೊಳಿಸಲು ಅಷ್ಟು ಶ್ರಮ ಪಡುವುದರ ಹಿಂದೆ ಬಾಲ-ಮೂತಿಯ ಈ ಲೆಕ್ಕವೇ ಇದೆ.

ತೂಕಕ್ಕಿಂತ ಮುಖ್ಯವಾದ ಗುಣವೊಂದು ಟಿಶ್ಯೂವಿನಲ್ಲಿದೆ. ಡೋಪ್ ಕುಡಿದು ಬಿಗಿದುಕೊಂಡ ಕಾಗದ ತೆರೆದ ಚೌಕಟ್ಟು ತಿರುಚಿಕೊಳ್ಳದಂತೆ ಹಿಡಿದಿಡುತ್ತದೆ. ರೆಕ್ಕೆಗೆ ಆಕಾರ ಕೊಡುವ ಅಡ್ಡಪಟ್ಟಿಗಳಾದ ರಿಬ್ಬುಗಳ ನಡುವಿನ ಪ್ರತಿ ಮನೆಯಲ್ಲೂ ಅದು ಮೂಲೆಯಿಂದ ಮೂಲೆಗೆ ಎಳೆದು ಕಟ್ಟಿದ ಹಗ್ಗದ ಕೆಲಸ ಮಾಡುತ್ತದೆ. ಫಿಲ್ಮ್ ಹಿಗ್ಗುವ ವಸ್ತು, ಅಷ್ಟು ಬಿಗಿ ಕೊಡದು. ತೆಳ್ಳನೆಯ ಸ್ಪಾರ್ (ರೆಕ್ಕೆಯ ಉದ್ದಕ್ಕೆ ಸಾಗುವ ಮುಖ್ಯ ಕಡ್ಡಿ) ಇರುವ ಹಳೆಯ ನಕ್ಷೆಗಳು ಕಾಗದದ ಈ ನೆರವನ್ನು ನಂಬಿಯೇ ರೂಪುಗೊಂಡವು. ಅವಕ್ಕೆ ಫಿಲ್ಮ್ ಹೊದಿಸಿ, ಎಳೆದಾರದಲ್ಲಿ ಮೇಲೇರಿಸುವಾಗ ರೆಕ್ಕೆ ನುಲಿದರೆ ಅದು ನಕ್ಷೆಯ ದೋಷವಲ್ಲ. ಟಿಶ್ಯೂವಿನ ಎಳೆಗಳು ರೆಕ್ಕೆಯ ಉದ್ದಕ್ಕೆ ಹರಿಯಬೇಕು. ಅಡ್ಡ ಇಟ್ಟರೆ ರಿಬ್ಬುಗಳ ನಡುವೆ ಹೊದಿಕೆ ಹೆಚ್ಚು ಕುಸಿದು ರೆಕ್ಕೆಯ ಆಕಾರವೇ ಕೆಡುತ್ತದೆ.

ಇನ್ನು ಅಂಟು. ಟಿಶ್ಯೂ ಎಂದಾದರೆ ಮೊದಲು ನೀರಿನ ಸಿಂಪಡಿಕೆ, ಆಮೇಲೆ ಡೋಪಿನ ದ್ರಾವಕ. ಹಳೆಯ ಬಾಲ್ಸಾ ಸಿಮೆಂಟ್ ಮೂಲತಃ ಸೆಲ್ಯುಲೋಸ್ ನೈಟ್ರೇಟ್, ನೈಟ್ರೇಟ್ ಡೋಪ್ ಕೂಡ ಅದೇ. ಧಾರಾಳವಾಗಿ ಬಳಿದ ಡೋಪ್ ಕೆಳಗಿನ ಜೋಡಣೆಯನ್ನು ಮೆತ್ತಗಾಗಿಸಬಲ್ಲದು. ಸಿಮೆಂಟ್ ಒಣಗುವಾಗ ಕುಗ್ಗುವುದರಿಂದ ತೆಳುವಾದ ಹಿಂಬದಿ ಅಂಚು ವಕ್ರವಾಗುವ ಭಯವೂ ಇದೆ. ನಮ್ಮಲ್ಲಿ ಫೆವಿಕಾಲ್ ಎಂದೇ ಮನೆಮಾತಾದ ಬಿಳಿ ಪಿವಿಎ ಅಂಟಿಗೆ ಡೋಪಿನ ತೊಂದರೆ ಅಷ್ಟಿಲ್ಲ, ಹಗುರ ಸಿಂಪಡಿಕೆಯನ್ನೂ ತಡೆದುಕೊಳ್ಳುತ್ತದೆ. ಆದರೆ ಮರಳು ಕಾಗದ ಉಜ್ಜಿದರೆ ರಬ್ಬರಿನಂತೆ ಉರುಳುತ್ತದೆ, ಇಸ್ತ್ರಿಯ ಶಾಖಕ್ಕೆ ಮೆದುವಾಗುತ್ತದೆ. ಆದ್ದರಿಂದ ಫಿಲ್ಮ್ ಹೊದಿಸುವ ರೆಕ್ಕೆಗೆ ಅದು ಸಲ್ಲದು ಎಂಬುದು ನನ್ನ ತೀರ್ಮಾನ. ಹಳದಿ ಅಲಿಫ್ಯಾಟಿಕ್ ಅಂಟು ಉಜ್ಜಲು ಸುಲಭ, ಶಾಖವನ್ನೂ ಹೆಚ್ಚು ತಾಳುತ್ತದೆ. ಇಡೀ ಚೌಕಟ್ಟಿಗೆ ಒಂದೇ ಅಂಟು ಆರಿಸಬೇಕೆಂದರೆ ಅದನ್ನೇ ಆರಿಸುತ್ತೇನೆ. ಎಪಾಕ್ಸಿ ಭಾರ; ಎರಡು ರೆಕ್ಕೆಗಳು ಕೋನದಲ್ಲಿ ಕೂಡುವ ನಡುವಿನ ಜೋಡಣೆಗೆ ಮಾತ್ರ ಸಾಕು.

ಕ್ಷಣದಲ್ಲಿ ಹಿಡಿಯುವ ಸಯನೋಅಕ್ರಿಲೇಟ್ ಬಗ್ಗೆ ಎಚ್ಚರದಿಂದ ಮಾತಾಡಬೇಕು. ಅದು ತೇವಾಂಶದ ಸಂಪರ್ಕದಿಂದ ಗಟ್ಟಿಯಾಗುತ್ತದೆ. ತೆಳು ಬಗೆಯದು ಬಿರುಕಿನೊಳಗೆ ತಾನೇ ಹರಿದು ಹೋಗುತ್ತದೆ. ಜೋಡಣೆ ನಿಖರವಾಗಿದ್ದರೆ ಕೆಲಸ ಅಚ್ಚುಕಟ್ಟು. ಆದರೆ ಒಣಗಿದ ಗೆರೆ ಸುತ್ತಲಿನ ಮರಕ್ಕಿಂತ ಬಹಳ ಗಟ್ಟಿ. ಮುಂಬದಿ ಅಂಚನ್ನು ಉಜ್ಜುವಾಗ ಮರ ಸವೆದು ಅಂಟು ಏಣಿನಂತೆ ಎದ್ದು ನಿಲ್ಲುತ್ತದೆ, ಆ ಏಣು ಟಿಶ್ಯೂವಿನ ಕೆಳಗೆ ಸ್ಪಷ್ಟವಾಗಿ ಕಾಣುತ್ತದೆ. ಚೆಲ್ಲಿದ್ದನ್ನು ಹತ್ತಿ ಬಟ್ಟೆಯಿಂದ ಒರೆಸಲೇಬಾರದು. ಹತ್ತಿಯ ಜೊತೆ ಅದು ಚರ್ಮ ಸುಡುವಷ್ಟು ಬಿಸಿಯಾಗಬಲ್ಲದು. ಎಳೆಯರಿಗೆ ಕಲಿಸುವವರು ಇದನ್ನು ಮೊದಲ ದಿನವೇ ಹೇಳಬೇಕು. ನೈಟ್ರೇಟ್ ಡೋಪ್ ಬೆಂಕಿಗೆ ಬಹಳ ಬೇಗ ಹತ್ತಿಕೊಳ್ಳುತ್ತದೆ ಎಂಬುದನ್ನೂ ಆಗಲೇ ತಿಳಿಸಬೇಕು.

ಮರದ ಎಳೆಗಳಿಗೆ ಅಡ್ಡ ಕತ್ತರಿಸಿದ ತುದಿ ಅಂಟನ್ನು ಹೀರಿಬಿಡುತ್ತದೆ. ಅಲ್ಲಿಗೆ ತೆಳುವಾಗಿ ಅಂಟು ಸವರಿ ಒಣಗಲು ಬಿಟ್ಟು, ಎರಡನೇ ಸಲ ಸವರಿ ಕೂಡಿಸಿದರೆ ಕಡಿಮೆ ಅಂಟಿನಲ್ಲೇ ಹಿಡಿತ ಬರುತ್ತದೆ. ಆದರೂ ಅಂಟಿನಲ್ಲಿ ಉಳಿಸುವ ತೂಕಕ್ಕಿಂತ ಮರದ ಆಯ್ಕೆಯಲ್ಲಿ ಉಳಿಯುವುದು ಹೆಚ್ಚು: 91 ಸೆಂ.ಮೀ. ಉದ್ದ, 7.6 ಸೆಂ.ಮೀ. ಅಗಲ, 1.5 ಮಿ.ಮೀ. ದಪ್ಪದ ಹಾಳೆ ಘನ ಮೀಟರಿಗೆ 100 ಕಿಲೋ ಸಾಂದ್ರತೆಯದಾದರೆ ಹತ್ತು ಗ್ರಾಂ ಚಿಲ್ಲರೆ, 160 ಕಿಲೋ ಆದರೆ ಸುಮಾರು 17 ಗ್ರಾಂ.

ಟಿಶ್ಯೂವಿನ ದೌರ್ಬಲ್ಯ ತೇವ. ಗಾಳಿ ನಿಂತು ಪರೀಕ್ಷಾ ಹಾರಾಟಕ್ಕೆ ಹೇಳಿ ಮಾಡಿಸಿದಂತಿರುವ ಮುಂಜಾನೆಯಲ್ಲೇ ಇಬ್ಬನಿ ಬಿದ್ದು ಹೊದಿಕೆ ಸಡಿಲಾಗುತ್ತದೆ, ರೆಕ್ಕೆಯ ತಿರುವು ಬದಲಾಗುತ್ತದೆ. ಮಂಗಳೂರು, ಕಾರವಾರದ ಮಳೆಗಾಲದಲ್ಲಿ ಇದು ಇನ್ನೂ ಕಷ್ಟ. ಬಳ್ಳಾರಿಯ ಒಣ ಹವೆಯಲ್ಲಿ ಚಿಂತೆ ಕಡಿಮೆ. ಕರಾವಳಿಯಲ್ಲಿ ಕಟ್ಟುವವರಿಗೆ ಒಂದು ನಡುದಾರಿಯಿದೆ. ಮೊದಲು ಐದು ಮೈಕ್ರಾನ್ ದಪ್ಪದ ಮೈಲಾರ್ ಎಂಬ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಟಿಶ್ಯೂ. ಮೈಲಾರ್ ಚದರ ಮೀಟರಿಗೆ ಏಳು ಗ್ರಾಂ ಮಾತ್ರ ತೂಗುತ್ತದೆ. ತೇವದಲ್ಲಿ ಅದು ಬಿಗಿ ಬಿಡುವುದಿಲ್ಲ, ಒಣಹುಲ್ಲು ಚುಚ್ಚಿದರೂ ಟಿಶ್ಯೂವಿನಷ್ಟು ಸುಲಭವಾಗಿ ಹರಿಯುವುದಿಲ್ಲ. ಆದರೆ ಮೈಲಾರನ್ನು ಅಂಟಿಸಿ ಬಿಗಿಗೊಳಿಸಲು ಇಸ್ತ್ರಿ ಬೇಕೇ ಬೇಕು, ಮೇಲಿನ ಟಿಶ್ಯೂವಿಗೆ ಡೋಪ್ ಬೇಕೇ ಬೇಕು. ಶಾಖವೂ ದ್ರಾವಕವೂ ಒಂದೇ ರೆಕ್ಕೆಗೆ ತಾಗುವುದರಿಂದ ಬಿಳಿ ಅಂಟು, ಸಿಮೆಂಟ್ ಎರಡನ್ನೂ ಇಲ್ಲಿ ಕೈಬಿಟ್ಟು ಹಳದಿ ಅಂಟಿನಲ್ಲೇ ಚೌಕಟ್ಟು ಕಟ್ಟಬೇಕು.